ಕಟ್ ಮಾಡಬೇಡ

ಅಕ್ಕನ ದೇವರು ಬಾಯಿ ಬಿಟ್ಟದ್ದು ಒಂದೇ ಸಲ,
ಅದೂ ಎರಡು ಮಾತು.
ಆ ಎರಡು ಮಾತಿನ ಮೇಲೆ ಈಗ
ಸಾವಿರದ ಮುನ್ನೂರು ಜನ, ಮೂರು ದೋಣಿ, ಒಂದು ಇಡೀ ಗುಡ್ಡ,
ಕಾಸ್ತ್ರೋ ಪೇಟೆಯ ಕೋರ್ಟಿನಲ್ಲಿ ಒಂದು ಮೊಕದ್ದಮೆ.

ಅರವತ್ತರ ಮೇ. ಭಾನುವಾರ ಮಧ್ಯಾಹ್ನ
ನೆಲ ನಡುಗಿ ನಿಂತ ಮೇಲೆ
ಚಿಲೊಯೆಯ ಕಡಲು ಬಸಿದ ಪಾತ್ರೆಯ ಹಾಗೆ ಹಿಂದೆ ಸರಿಯಿತು.
ಕೆಲವರು ಚಿಪ್ಪು ಆಯಲು ಇಳಿದರು.
ಅವರ ಹೆಸರು ಚರ್ಚಿನ ಗೋಡೆಯ ಮೇಲಿದೆ.

ಎದುವಿಹೆಸ್ ಅಕ್ಕ ಕೊಲ್ದೆವೆಯ ಟೆಲಿಫೋನ್ ಆಪರೇಟರ್.
ಹನ್ನೆರಡು ಲೈನಿನ ಹಲಗೆ, ಹನ್ನೆರಡೂ ಸತ್ತಿದ್ದವು.
ನೀರು ಮೆಟ್ಟಿಲ ತನಕ ಬಂದು ಹೋದರೂ
ಕುರ್ಚಿ ಬಿಡಲಿಲ್ಲ ಅವಳು. ಒಂದೊಂದೇ ತೂತಿಗೆ
ಪಿನ್ನು ಚುಚ್ಚಿ ಹಲೋ, ಹಲೋ ಎನ್ನುತ್ತ
ರಾತ್ರಿ ಕಳೆದಳಂತೆ.
ಬೆಳಗಿನ ಜಾವ ಏಳನೆಯ ತೂತಿನಿಂದ
ಗಂಡೂ ಅಲ್ಲದ, ಹೆಣ್ಣೂ ಅಲ್ಲದ, ನೀರೊಳಗಿನಿಂದ ಎದ್ದಂಥ ದನಿ:
ಇದ್ದೀಯಾ? ಕಟ್ ಮಾಡಬೇಡ.

ಮೊದಲು ಬಂದವರು ಆರು ಮಂದಿ ವಿಧವೆಯರು.
ಕಡಲು ಒಯ್ದವರ ದನಿ ಕೇಳೀತೆಂದು
ಸತ್ತ ರಿಸೀವರನ್ನು ಸರದಿಯಲ್ಲಿ ಕಿವಿಗಿಟ್ಟುಕೊಂಡರು.
ಆಮೇಲೆ ಮಾತಿಗೆ ಅರ್ಥ ಹುಟ್ಟಿತು, ಅರ್ಥ ಮರಿ ಹಾಕಿತು.
ಕೂದಲು ಕತ್ತರಿಸಕೂಡದು. ಉಗುರು ಕಲ್ಲಿಗೆ ತೇಯಬೇಕು.
ರೊಟ್ಟಿ ಮುರಿಯಬಹುದು, ಕೊಯ್ಯಬಾರದು.
ಆಲೂಗಡ್ಡೆ ಸಿಪ್ಪೆ ಸಮೇತ.
ಬಲೆ ಸಿಕ್ಕಾದರೆ ಬಿಡಿಸಬೇಕು, ಮೂರು ದಿನ ಹಿಡಿದರೂ.
ಹೊಕ್ಕುಳಬಳ್ಳಿ ತಾನೇ ಉದುರುವ ತನಕ
ಮಾಸಿನ ಗಂಟನ್ನು ಕೂಸಿನ ಪಕ್ಕ ಮಲಗಿಸಬೇಕು.
ನಾನು ನಗುತ್ತಿದ್ದೆ. ಚೆಂದವೂ ಇತ್ತು, ಸುಳ್ಳೇಕೆ:
ನಸುಕಿಗೆ ಇನ್ನೂರು ಜನ, ತಂತಿಯಿಲ್ಲದ ರಿಸೀವರು ಹಿಡಿದು
ಮಂಜಿನಲ್ಲಿ, ಯಾರೂ ಏನೂ ಬೇಡದೆ,
ಬರೀ ಕೇಳುತ್ತ ನಿಂತದ್ದು.

ಕೂಟ ಬಿಟ್ಟವರನ್ನು ಮಾತ್ರ ಕತ್ತರಿಸಬಹುದಿತ್ತು.
ಅದಕ್ಕೆ ಬೇರೆ ಹೆಸರು, ಸದ್ದು ಕಳೆಯುವುದು.
ಮಗಳು ಅಮ್ಮಾ ಎಂದಾಗ ತಾಯಿ
ಗಾಳಿ ಬೀಸಿತೆಂಬಂತೆ ಶಾಲು ಬಿಗಿದುಕೊಂಡದ್ದನ್ನು
ಮೀನಿನ ಸಂತೆಯಲ್ಲಿ ಕಂಡಿದ್ದೇನೆ.

ಆಮೇಲೆ ಎಲಿಯೆಸೆರ್, ನನ್ನ ಬಾವಮೈದುನನ ಮಗ. ಹನ್ನೊಂದು ವರ್ಷ.
ಹೊಟ್ಟೆಯ ಬಲಗಡೆ ನೋವು.
ದೋಣಿಯಲ್ಲಿ ಎರಡು ಗಂಟೆ ಹೋದರೆ ಆಸ್ಪತ್ರೆ, ಕತ್ತರಿ, ಆರು ಹೊಲಿಗೆ.
ನಾಲ್ಕು ದಿನ
ಅವನ ಕಿವಿಗೆ ರಿಸೀವರು ಹಿಡಿದರು.

ಮಣ್ಣು ಮಾಡಿದ ಸಂಜೆ ಗುಡ್ಡ ಹತ್ತಿದೆ.
ಹದಿನೇಳು ವರ್ಷ ಹಲ್ಲಿನ ಹಿಂದಿಟ್ಟುಕೊಂಡದ್ದನ್ನು ಹೇಳಿದೆ.
ನಾನು ಲೈನ್‌ಮನ್ ಅಲ್ಲವೇ ಅಕ್ಕಾ. ಆ ರಾತ್ರಿ
ನಾಲ್ಕು ಮೈಲಿಯಾಚೆ, ಓರೆಯಾಗಿ ಉಳಿದಿದ್ದ ಒಂದೇ ಕಂಬದ ಮೇಲೆ
ಪರೀಕ್ಷೆಯ ಫೋನು ತಗುಲಿಸಿ ಕೂಗಿದೆ.
ಕೆಳಗೆ ನೀರು. ಹತ್ತೊಂಬತ್ತು ವರ್ಷ ನನಗೆ.
ಹೆದರಿದ್ದೆ. ಇದ್ದೀಯಾ ಅಂದದ್ದು ನಾನು.

ಅಕ್ಕನ ಜಡೆ ನೆಲದ ಮೇಲೆ ಲಂಗರಿನ ಹಗ್ಗದಂತೆ ಸುತ್ತಿಕೊಂಡಿತ್ತು.
ಗೊತ್ತು ಬೆಲಿಸಾರಿಯೋ, ಅಂದಳು.
ತೊಟ್ಟಿಲು ತೂಗಿದವಳಿಗೆ ನಿನ್ನ ಗಂಟಲು ಗೊತ್ತಾಗದೇ?
ಆದರೆ ಆ ತಂತಿ ಆಗ ಮೂರು ಕಡೆ ತುಂಡಾಗಿತ್ತಲ್ಲ,
ಮರುವಾರ ಜೋಡಿಸಿದವನು ನೀನೇ ಅಲ್ಲವೇನೋ?

ಹೌದು. ಮೂರು ಕಡೆ. ಇದೇ ಕೈಯಿಂದ.

ನಾಳೆ ಸಾಕ್ಷಿ ಹೇಳಬೇಕು.
ಕೂಗಿದ್ದನ್ನು ಹೇಳಿ, ತುಂಡಾದದ್ದನ್ನು ಕತ್ತರಿಸಿಬಿಡಿ,
ಎಂದಿದ್ದಾರೆ ವಕೀಲರು.
ಅಡುಗೆಮನೆಯಲ್ಲಿ ದೀಪ ಹಚ್ಚಿಕೊಂಡು
ಚಾಕುವಿನಿಂದ ಆಲೂಗಡ್ಡೆ ಹೆರೆಯುತ್ತ ಕೂತಿದ್ದೇನೆ.
ಸಿಪ್ಪೆ ಒಂದೇ ಎಳೆಯಾಗಿ ಇಳಿಯುತ್ತಿದೆ,
ಕಡಿಯದ ಹಾಗೆ ಯಾಕೆ ಇಷ್ಟು
ಜೋಪಾನ ಮಾಡುತ್ತಿದ್ದೇನೋ.