ನಾಲ್ಕನೆಯ ನಾಳ

ಚಿಲೊಯೆ ದ್ವೀಪದ ಕೊನೆಯ ದೋಣಿ ಹೋಗಿಯಾಯ್ತು.
ಕುರ್ಚಿಯಲ್ಲಿ ಬೆಸ್ತ ಎಲಿಯೊದೊರೊ,
ತೆರೆದ ಬಾಯಿ ತೆರೆದೇ ಇದೆ.
ಎಕ್ಸ್‌ರೇ ಮೂರೇ ನಾಳ ಅನ್ನುತ್ತದೆ;
ಸೂಜಿ ಮಾತ್ರ ನಾಲ್ಕನೆಯದನ್ನು ಮುಟ್ಟಿ ಬಂದಿದೆ.

ಒಂದು ಗ್ಲೌಸು ಕಳಚಿ
ಡಾಕ್ಟರ್ ಹಿಮೇನಾ ಹೆಬ್ಬೆರಳಲ್ಲಿ ಕೇಳುತ್ತಾಳೆ:
ಕೆಳಗಿನ ಮೊದಲ ದವಡೆಹಲ್ಲು, ನಡುವೆ ಇನ್ನೊಂದು ತೂತು?
ಮೊದಲು ಬಂದದ್ದು ಹಲ್ಲು ಬೆಳ್ಳಗಾಗಿಸುವ ಜಾಹೀರಾತು,
ಆಮೇಲೆ ದುಡ್ಡು ಕೊಟ್ಟರೆ ತೆರೆಯುವ ಪ್ರಬಂಧ.
ಏಳನೆಯ ಪುಟದಲ್ಲಿ
ಇಜ್ಮಿರಿನ ಯಾವಳೋ ಪುಣ್ಯಾತ್ಗಿತ್ತಿ ಹಾಕಿದ ಮಸುಕು ಚಿತ್ರ,
ಅದರ ಮೇಲೊಂದು ಕೆಂಪು ಬಾಣ.

ಯಾರಿಗೆ ಬರೀತಿದೀರಿ ಅಂತ ಕೇಳಲು
ಅವನ ನಾಲಿಗೆ ಮರಗಟ್ಟಿದೆ.
ಬಾಯಿ ಬಿಟ್ಟರೆ ಬಣ್ಣಗೇಡೆಂದು ಅವಳೂ ಸುಮ್ಮನೆ.

ನಿನ್ನೆ ರಾತ್ರಿ ಅವನೂ
ಅದೇ ಖಾಲಿ ಚೌಕದಲ್ಲಿ ಬೆರಳೂರಿದ್ದ:
ಹಲ್ಲುನೋವು, ಲವಂಗ,
ನಾಳೆ ಬೆಳಗಾಗುವುದು ಎಷ್ಟು ಗಂಟೆಗೆ.