ಮಡಚಿಟ್ಟ ಅರಿವಿ

ಅಕ್ಕಲಕೋಟದ ಈ ಅಂಗಡ್ಯಾಗ
ಎಲ್ಲಾರ ಹುಡುಗೂರ ಲಂಗಕ್ಕೂ
ಮೂರು ಇಂಚು ಒಳಗ ಮಡಚಿ ಹೊಲೀತೀನಿ,
ಬೆಳೆಯೋ ಮಕ್ಕಳು ಅಂತ.
ನನ್ನ ಪ್ರಾಜಕ್ತಾನ ಮಡಿಕಿ
ಎರಡು ವರ್ಷ ಬಿಚ್ಚಲೇ ಇಲ್ಲ.
ಅರಿವಿ ಸವೀತು, ಒಳಗಿನ ಹೊಲಿಗಿ ಹಂಗಽ ಉಳೀತು.

ಕಾಲರ್ ಅಳತಿ ಮಾತ್ರ ಅಗಲ.
ಸೋಲಾಪುರದಾಗ ಹೆಸರು ಹೇಳೂಕಿಂತ ಮೊದಲಽ
ನನ್ನ ಟೇಪಿಗೆ ಗೊತ್ತಿತ್ತು.
ಟರ್ನರ್, ಅಂದ್ರು.
ನಮ್ಮ ಕಡೆ ಟರ್ನರ್ ಅಂದ್ರ
ಲೇತ್ ಮಷೀನ್ ನಡಸಾಂವ.

ಈಗ ದಿನಾ ರಾತ್ರಿ ಒಂದು ಸೂಜಿ.
ಔಷಧದ ಪೆನ್ನು ಮೌಲಾಲಿಯ ಲಸ್ಸಿ ಫ್ರಿಜ್ಜಿನಾಗ,
ಮೊಸರಿನ ಗಡಿಗಿ ಬಾಜೂಕ;
ಕರೆಂಟ್ ಹೋದ್ರ ನನಗಿಂತ ಮೊದಲು
ಅಂವ ಬರ್ಫ್ ಹುಡುಕ್ತಾನ.
ಸೂಜಿ ಹಿಡಿಯೋದಽ ನನ್ನ ಕಸಬು, ಆದ್ರೂ
ಆಕಿ ತೊಡಿ ಮುಂದ ಕೈ ನಡಗತೈತಿ.
"ನಾನಽ ಚುಚ್ಚಗೋತೀನಿ, ಬಿಡಪ್ಪಾ."
ಒತ್ತಿ ಹಿಡದು ಹತ್ತು ಎಣಸ್ತಾಳ,
ಸಾಳಿಯ ಮರಾಠಿಯೊಳಗ.

ಮೊಣಕಾಲ ನೋವು. ಒಮ್ಮೊಮ್ಮೆ ತಲಿಬ್ಯಾನಿ.
ಬೂಟು ಮೊದಲು ಬಿಗಿ ಆದ್ವು, ಆಮ್ಯಾಲ ಲಂಗ.
ಸಾಳಿ ಸುರು ಆಗೂ ಹಿಂದಿನ ದಿನ
ಮಡಿಕಿ ಒಂದು ಇಂಚು ಬಿಚ್ಚಿದೆ:
ಒಳಗಿನ ನೀಲಿ ಅಚ್ಚ ಹೊಸಾದು,
ಬಿಸಲಽ ಕಂಡಿಲ್ಲದ್ದು.
ಹಳೇ ಗೆರಿ ಇಸ್ತ್ರಿಗೆ ಹೋಗಲಿಲ್ಲ.

"ಇದರಿಂದ ಎತ್ತರ ಒಂದಽ,"
ಡಾಕ್ಟರಬಾಯಿ ಅಂದಾರ.
ಉಳಿದ ಮಾತು ಆಕಿ ಅವ್ವ
ಒಬ್ಬಾಕೀನೇ ಕೇಳಿ ಬಂದಾಳ,
ನನಗಿನ್ನೂ ಹೇಳಿಲ್ಲ.

ಪ್ರಾರ್ಥನಾ ಸಾಲಿನಾಗ ಯಾವಾಗಲೂ ಮೊದಲು ನಿಲ್ಲಾಕಿ
ಈ ಸೋಮವಾರ ಮೂರನೇದಾಕಿ.
ಮನಿಗೆ ಬಂದು ಚೀಲ ಒಗದು
ಬೈದಳು, ನಕ್ಕೋತ:
"ಮುಂದ ಯಾರದರ ತಲಿ ಇದ್ರ
ಏನೂ ಕಾಣಸಂಗಿಲ್ಲಪ್ಪಾ."