ಎರಡು ಗಂಟೆ

ನುಕುಅಲೋಫದ ಆಸ್ಪತ್ರೆಯ ಬೆಂಚಿನಲ್ಲಿ
ಕಿತ್ತಳೆ ಬಣ್ಣದ ಸಿಹಿನೀರು ಕುಡಿದು
ಎರಡು ಗಂಟೆ ಕೂತಳು ಲೋಸಲೀನ್, ಆರು ತುಂಬಿದ ಬಸುರಿ.

ತಪ್ಪು ನಿನ್ನದಲ್ಲ, ಎಂದಳು ಸೂಲಗಿತ್ತಿ ಫುಸಿ
ಸೂಜಿಯ ಗಾಯಕ್ಕೆ ಹತ್ತಿ ಒತ್ತುತ್ತ.
ಕೂಸನ್ನು ಸಾಕುವ ಮಾಸೇ ಒಮ್ಮೊಮ್ಮೆ
ಇನ್ಸುಲಿನ್ನಿನ ಕೈ ಹಿಡಿದು ನಿಲ್ಲಿಸುತ್ತದೆ;
ಸಕ್ಕರೆ ಒಳಬರಲಾಗದೆ
ನೆತ್ತರ ಬೀದಿಯಲ್ಲೇ ಅಲೆಯುತ್ತದೆ.

ಭಾನುವಾರ ಚರ್ಚು ಮುಗಿದು
ಉಮು ಕುಳಿಯ ಎಲೆ ಸರಿಸಿದರೆ ಹಬೆ.
ಅತ್ತೆ ಬಡಿಸಿದಳು ಕೆಸುವಿನ ಗೆಡ್ಡೆ ನಾಲ್ಕು:
"ಇಬ್ಬರಿಗಾಗಿ ಉಣ್ಣಬೇಕು ಕಣೇ."
ಒಂದೇ ಇಟ್ಟುಕೊಂಡಳು, ಮೀನು ಹೆಚ್ಚು ಹಾಕಿಸಿಕೊಂಡಳು;
ಕೈ ತೊಳೆದು ಹೇಳಿದಳು:
"ಇಬ್ಬರಿಗಾಗಿ ನಡೆಯಲೂ ಬೇಕಂತೆ. ಬರ್ತೀರಾ?"

ಮುದುಕಿ ಗೊಣಗಿದಳು.
ಆಮೇಲೆ ಬಾಗಿಲ ಹಿಂದೆ ಚಪ್ಪಲಿ ಹುಡುಕಿದಳು,
ಬಲಗಾಲಿನದು,
ಸಕ್ಕರೆ ಕಾಯಿಲೆ ಎರಡು ಬೆರಳು ಕೊಂಡೊಯ್ದ ಕಾಲಿನದು.